ಮೀನಿಗೂ ಒಂದು ಟೈಮ್‌ಟೇಬಲ್: ಪ್ಯೂಟಾ ಹೊಳೆಯ ಒಪ್ಪಂದ

ಜಲಾಶಯದ ನೀರಿನ ನಡುವೆ ಒಂದು ದೊಡ್ಡ ದುಂಡನೆಯ ತೂತು. ಸುತ್ತಲಿನ ನೀರೆಲ್ಲ ಅದರೊಳಕ್ಕೆ ಜಾರಿ ಮಾಯವಾಗ್ತಾ ಇರುತ್ತೆ. ಈ ಡ್ರೋನ್ ವಿಡಿಯೋವನ್ನ ನೀವೂ ಒಂದಲ್ಲ ಒಂದು ಸಲ ನೋಡಿರ್ತೀರಿ. "ನರಕದ ಬಾಗಿಲು" ಅಂತ ಏನೇನೋ ಕ್ಯಾಪ್ಶನ್ ಹಾಕಿ ವಾಟ್ಸಾಪಲ್ಲಿ ಬರುತ್ತಲ್ಲ, ಅದೇ. ಅದು ಕ್ಯಾಲಿಫೋರ್ನಿಯಾದ ಬೆರ್ರಿಯೆಸ್ಸಾ ಜಲಾಶಯದ ಸ್ಪಿಲ್‌ವೇ. ಬಾಯಿಯ ವ್ಯಾಸ 72 ಅಡಿ, ಕೆಳಗೆ ಹೋಗ್ತಾ 28 ಅಡಿಗೆ ಕಿರಿದಾಗುತ್ತೆ. ಗೇಟಿಲ್ಲ, ಮೋಟಾರಿಲ್ಲ. ಜಲಾಶಯ ತುಂಬಿದ್ರೆ ಹೆಚ್ಚಾದ ನೀರು ತಾನಾಗಿಯೇ ಒಳಗೆ ಬೀಳುತ್ತೆ. ಸಿವಿಲ್‌ನವರಾದ ನಮಗೆ ಅದನ್ನ ಎಷ್ಟು ಸಲ ನೋಡಿದ್ರೂ ಬೇಜಾರಾಗಲ್ಲ.

ಆದರೆ ಈ ಲೇಖನ ಆ ತೂತಿನ ಬಗ್ಗೆ ಅಲ್ಲ. ಅಲ್ಲಿಂದ ಹೊರಬಿದ್ದ ನೀರು ಮುಂದೆ ಎಲ್ಲಿ ಹೋಗುತ್ತೆ ಅನ್ನೋದರ ಬಗ್ಗೆ. ಅಣೆಕಟ್ಟಿನ ಕೆಳಗೆ ಪ್ಯೂಟಾ ಅನ್ನೋ ಒಂದು ಸಣ್ಣ ಹೊಳೆ ಇದೆ. ಅದರಲ್ಲಿ ಮೀನಿಗೆ ಎಷ್ಟು ನೀರು, ಯಾವ ತಿಂಗಳು, ಯಾವ ಸೇತುವೆ ಹತ್ತಿರ ಅಳೆದು ಕೊಡಬೇಕು ಅಂತ 2000ನೇ ಇಸವಿಯಲ್ಲಿ ಒಂದು ಒಪ್ಪಂದ ಆಯ್ತು. ನದಿ ನೀರಿನ ಒಪ್ಪಂದ ಅಂದ್ರೆ ಎರಡು ರಾಜ್ಯಗಳ ಜಗಳ ಅಂತ ಮಾತ್ರ ಗೊತ್ತಿರೋ ನಮಗೆ, ಮೀನು ಕೂಡ ಒಂದು ಪಾಲುದಾರ ಆಗಬಹುದು ಅನ್ನೋದೇ ಹೊಸ ವಿಷಯ. ಅದಕ್ಕಿಂತ ಹೆಚ್ಚಾಗಿ, ಆ ಪಾಲು ಎಷ್ಟು ಚಿಕ್ಕದು ಅಂತ ಕ್ಯಾಲ್ಕುಲೇಟರ್ ಹಿಡಿದು ನೋಡಿದಾಗ ಆಶ್ಚರ್ಯ ಆಗುತ್ತೆ. ಲೆಕ್ಕ ಮುಂದೆ ಮಾಡೋಣ.

ಮೊದಲು ಜಾಗದ ಪರಿಚಯ. ಸ್ಯಾಕ್ರಮೆಂಟೊ ನಗರದ ಪಶ್ಚಿಮಕ್ಕೆ ಬೆಟ್ಟಗಳ ಸಾಲು ಇದೆ. ಅಲ್ಲಿ ಹುಟ್ಟಿ ಪೂರ್ವಕ್ಕೆ ಬಯಲಿಗೆ ಇಳಿಯುವ ಹೊಳೆ ಇದು. 1957ರಲ್ಲಿ ಮಾಂಟಿಸೆಲ್ಲೊ ಎಂಬ ಊರನ್ನ ಮುಳುಗಿಸಿ, ಅದೇ ಹೆಸರಿನ 304 ಅಡಿ ಎತ್ತರದ ಕಾಂಕ್ರೀಟ್ ಆರ್ಚ್ ಅಣೆಕಟ್ಟು ಕಟ್ಟಿದ್ರು. ಜಲಾಶಯದ ಸಾಮರ್ಥ್ಯ ಅವರ ಲೆಕ್ಕದಲ್ಲಿ 16 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕಕ್ಕೆ ತಂದ್ರೆ ಸುಮಾರು 70 ಟಿಎಂಸಿ. ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ ಅನ್ನೋದು ನೆನಪಿದ್ರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಹೊಳೆ ಸಣ್ಣದು, ಪಾತ್ರೆ ಮಾತ್ರ ಭಾರಿ.

ದೊಡ್ಡ ಅಣೆಕಟ್ಟಿನಿಂದ ಬಿಟ್ಟ ನೀರು ಕೆಲವು ಮೈಲಿ ಹರಿದ ಮೇಲೆ ಇನ್ನೊಂದು ಗಿಡ್ಡ ಅಣೆಕಟ್ಟು ಸಿಗುತ್ತೆ. ನೀರನ್ನ ನಾಲೆಗೆ ತಿರುಗಿಸುವ ಡೈವರ್ಷನ್ ಡ್ಯಾಮ್ ಅದು. ಅಲ್ಲಿಂದ ಹೊರಟ ನಾಲೆ ಸೊಲಾನೊ ಕೌಂಟಿಯ ಹೊಲ ತೋಟಗಳಿಗೆ, ವ್ಯಾಕವಿಲ್, ಫೇರ್‌ಫೀಲ್ಡ್, ವಲೇಹೊ ಥರದ ಊರುಗಳ ನಲ್ಲಿಗಳಿಗೆ ಹೋಗುತ್ತೆ. ನಾಲೆಗೆ ಹೋಗದೆ ಉಳಿದದ್ದು ಹೊಳೆಯಲ್ಲಿ 20 ಮೈಲಿಗೂ ಹೆಚ್ಚು ಹರಿದು, ವಿಂಟರ್ಸ್ ಊರು ದಾಟಿ, ಡೇವಿಸ್ ಪಟ್ಟಣ ಮತ್ತು ಅಲ್ಲಿನ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್ಸಿನ ಪಕ್ಕದಲ್ಲಿ ಹಾದು, ಯೋಲೋ ಬೈಪಾಸ್ ಅನ್ನೋ ತಗ್ಗು ಪ್ರದೇಶಕ್ಕೆ ಸೇರುತ್ತೆ. "ಉಳಿದದ್ದು" ಅನ್ನೋ ಪದವನ್ನ ಸ್ವಲ್ಪ ಗಮನಿಸಿ. ಇಡೀ ಜಗಳ ಇರೋದೇ ಅದರಲ್ಲಿ.

ಹೊಳೆ ಒಣಗಿದ ವರ್ಷ

1987ರಿಂದ ಕ್ಯಾಲಿಫೋರ್ನಿಯಾದಲ್ಲಿ ಬರ ಶುರುವಾಯ್ತು. 1989ರ ಬೇಸಿಗೆಯಲ್ಲಿ ಡೈವರ್ಷನ್ ಡ್ಯಾಮ್ ಕೆಳಗಿನ ಹೊಳೆ ಮೈಲಿಗಟ್ಟಲೆ ಒಣಗಿತು. ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನುಗಳು ಸತ್ತವು. ನಿಯಮದ ಪ್ರಕಾರ ಬಿಡಬೇಕಾಗಿದ್ದ ನೀರನ್ನ ಅಣೆಕಟ್ಟಿನಿಂದ ಬಿಡ್ತಾನೇ ಇದ್ರು. ಆದ್ರೆ ಆ ನೀರು ಕೆಳಗೆ ಮುಟ್ಟುತ್ತಿರಲಿಲ್ಲ. ಯಾಕಂದ್ರೆ ಬಯಲಿಗೆ ಇಳಿದ ಮೇಲೆ ಈ ಹೊಳೆ ನೀರನ್ನ ನೆಲಕ್ಕೆ ಕುಡಿಸುತ್ತೆ, ಜತೆಗೆ ಎರಡೂ ದಡದ ತೋಟಗಳ ಪಂಪುಗಳು ಎಳೆದುಕೊಳ್ಳುತ್ತವೆ. ಮೇಲೆ ಗೇಟಿನ ಹತ್ತಿರ ಮೀಟರ್ ಸರಿಯಾಗಿ ಓದ್ತಿದೆ, ಕೆಳಗೆ ಹೊಳೆ ಸತ್ತಿದೆ. ಹಾಸ್ಟೆಲ್ಲಿನ ಮೇಲಿನ ಟ್ಯಾಂಕ್ ತುಂಬಿದ್ರೂ ಗ್ರೌಂಡ್ ಫ್ಲೋರ್ ಕೊನೆ ನಲ್ಲಿಯಲ್ಲಿ ನೀರು ಬರದೇ ಇರುವ ಪರಿಸ್ಥಿತಿ ನಮಗೆ ಹೊಸದೇನಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತೆ. ಅಣೆಕಟ್ಟು ಇಲ್ಲದ ಕಾಲದಲ್ಲೂ ಬೇಸಿಗೆಯಲ್ಲಿ ಈ ಹೊಳೆಯ ಕೆಳಭಾಗ ಅಲ್ಲಲ್ಲಿ ಒಣಗ್ತಿತ್ತು. ಹಾಗಿದ್ರೆ ಈಗ ಒಣಗಿದ್ರೆ ಏನು ತಪ್ಪು? ವ್ಯತ್ಯಾಸ ಏನಂದ್ರೆ, ಆಗ ಮೀನು ಮೇಲಕ್ಕೆ, ಬೆಟ್ಟದ ತಂಪು ನೀರಿಗೆ ಈಜಿ ಹೋಗಬಹುದಿತ್ತು. ಮಳೆಗಾಲ ಬಂದಾಗ ಮತ್ತೆ ಇಳಿದು ಬರ್ತಿತ್ತು. ಈಗ ಮೇಲಕ್ಕೆ ಹೋಗೋಕೆ ಗೋಡೆ ಅಡ್ಡ. ಅಂದ್ರೆ ಹಿಂದೆ ಬೆಟ್ಟದಿಂದ ಬಯಲಿನವರೆಗೆ ಹರಡಿದ್ದ ಒಂದು ಇಡೀ ಬದುಕು ಈಗ ಕೆಳಗಿನ ಆ 20 ಚಿಲ್ಲರೆ ಮೈಲಿಯಲ್ಲೇ ಮುಗೀಬೇಕು. ಅದೂ ಒಣಗಿದ್ರೆ ಬೇರೆ ಜಾಗ ಇಲ್ಲ.

1990ರಲ್ಲಿ ಪ್ಯೂಟಾ ಕ್ರೀಕ್ ಕೌನ್ಸಿಲ್ ಎಂಬ ಸ್ಥಳೀಯರ ಸಂಘ ಕೋರ್ಟಿಗೆ ಹೋಯ್ತು. ಆಮೇಲೆ ಡೇವಿಸ್ ನಗರಸಭೆಯೂ, ಯೂನಿವರ್ಸಿಟಿಯೂ ಅದರ ಜತೆ ಸೇರಿದವು. ಎದುರಿಗೆ ಸೊಲಾನೊ ಕೌಂಟಿಯ ನೀರು ಸಂಸ್ಥೆ ಮತ್ತು ಅದರ ನೀರನ್ನ ನಂಬಿಕೊಂಡ ರೈತರು, ಊರುಗಳು. ಒಂದು ಕಾಲೇಜು ತನ್ನ ಕ್ಯಾಂಪಸ್ ಪಕ್ಕದ ಹೊಳೆಗಾಗಿ ಕಟಕಟೆ ಹತ್ತಿದ್ದು ನಮಗಂತೂ ತುಂಬಾ ಇಷ್ಟವಾದ ವಿಷಯ.

ಅವರ ಕೈಯಲ್ಲಿದ್ದ ಆಯುಧ ಎರಡು. ಮೊದಲನೆಯದು ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಕಾನೂನಿನ 5937ನೇ ಸೆಕ್ಷನ್. ಅದು ಹೇಳೋದು ಇಷ್ಟೇ: ಅಣೆಕಟ್ಟಿನ ಮಾಲೀಕ, ಕೆಳಗಿರುವ ಮೀನು "ಒಳ್ಳೆಯ ಸ್ಥಿತಿಯಲ್ಲಿ" ಇರೋಕೆ ಸಾಕಾಗುವಷ್ಟು ನೀರನ್ನ ಬಿಡಲೇಬೇಕು. ಹಳೇ ಕಾನೂನು, ದಶಕಗಟ್ಟಲೆ ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ಎರಡನೆಯದು ಸಾರ್ವಜನಿಕ ನಂಬಿಕೆಯ ಸಿದ್ಧಾಂತ. ನದಿ, ಕೆರೆ, ಕಡಲತೀರಗಳನ್ನ ಸರ್ಕಾರ ಜನರ ಪರವಾಗಿ ಕಾಯಬೇಕೇ ಹೊರತು ತನಗೆ ಬೇಕಾದವರಿಗೆ ಕೊಟ್ಟು ಕೈತೊಳೆದುಕೊಳ್ಳೋ ಹಾಗಿಲ್ಲ ಅನ್ನೋ ತತ್ವ ಅದು. 1983ರಲ್ಲಿ ಮೋನೊ ಲೇಕ್ ಕೇಸಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಇದನ್ನ ನೀರಿನ ಹಕ್ಕುಗಳಿಗೂ ಅನ್ವಯಿಸಿತು. ಇದು ದೂರದ ದೇಶದ ಕಥೆ ಅಂತ ಅಂದುಕೊಳ್ಳಬೇಡಿ. ಹಿಮಾಚಲದ ಬಿಯಾಸ್ ನದಿಯ ದಡವನ್ನ ಖಾಸಗಿ ಹೋಟೆಲ್ಲಿಗಾಗಿ ತಿರುಚಿದ ಪ್ರಕರಣ, ಎಂ.ಸಿ. ಮೆಹ್ತಾ ವರ್ಸಸ್ ಕಮಲ್ ನಾಥ್, ಇದೆಯಲ್ಲ. ಅದರಲ್ಲಿ 1996ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದೇ ಸಿದ್ಧಾಂತ ನಮ್ಮ ಕಾನೂನಿನ ಭಾಗ ಅಂತ ಹೇಳಿತು. ಹೇಳುವಾಗ ಮೋನೊ ಲೇಕ್ ತೀರ್ಪನ್ನೂ ಉಲ್ಲೇಖಿಸಿತು.

"ಒಳ್ಳೆಯ ಸ್ಥಿತಿ" ಅಂದ್ರೆ ಏನು?

ಇಂಜಿನಿಯರ್ ಆಗಿ ಯೋಚನೆ ಮಾಡಿ. ಕಾನೂನು "ಒಳ್ಳೆಯ ಸ್ಥಿತಿ" ಅನ್ನುತ್ತೆ. ನೀವು ಗೇಟ್ ಆಪರೇಟರ್. ಗೇಟನ್ನ ಎಷ್ಟು ಇಂಚು ಎತ್ತುತ್ತೀರಿ?

ಈ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಕೊಟ್ಟವರು ಡೇವಿಸ್‌ನ ಮೀನು ವಿಜ್ಞಾನಿ ಪೀಟರ್ ಮಾಯ್ಲ್. ಅವರು ಅದನ್ನ ಮೂರು ಹಂತದಲ್ಲಿ ಬಿಡಿಸಿದ್ರು. ಒಂದೊಂದು ಮೀನೂ ಆರೋಗ್ಯವಾಗಿರಬೇಕು, ಅದು ಮೊದಲ ಹಂತ. ಆ ಜಾತಿಯಲ್ಲಿ ಮರಿ, ಎಳೆಯದು, ದೊಡ್ಡದು ಎಲ್ಲ ವಯಸ್ಸಿನವೂ ಇದ್ದು ಸಂತತಿ ಮುಂದುವರಿಯಬೇಕು. ಮೂರನೆಯದಾಗಿ ಆ ಹೊಳೆಗೆ ಸೇರಿದ ಬೇರೆ ಬೇರೆ ಜಾತಿಗಳ ಕೂಟವೇ ಉಳಿಯಬೇಕು. ನಾಲ್ಕು ಕೊಬ್ಬಿದ ಮೀನು ತೋರಿಸಿ "ನೋಡಿ ಸ್ವಾಮಿ, ಚೆನ್ನಾಗೇ ಇವೆ" ಅನ್ನೋಕೆ ಆಗಲ್ಲ ಅಂತ ಅರ್ಥ. ನಮಗೆ ಇದು ಯಾಕೆ ಹಿಡಿಸಿತು ಅಂದ್ರೆ, ಅಸ್ಪಷ್ಟವಾದ ಒಂದು ಪದವನ್ನ ಅಳೆಯಬಹುದಾದ ಸಂಗತಿಗಳಾಗಿ ಒಡೆದಿದ್ದಾರೆ. ಡಿಸೈನ್ ಮಾಡುವ ಮೊದಲು ನಾವು ಮಾಡಬೇಕಾದ ಕೆಲಸವೂ ಅದೇ ತಾನೆ.

1996ರಲ್ಲಿ ಸ್ಯಾಕ್ರಮೆಂಟೊ ಕೋರ್ಟ್, ಹೊಳೆಗೆ ಬಿಡುವ ಕನಿಷ್ಠ ನೀರನ್ನ ಸುಮಾರು ಅರ್ಧದಷ್ಟು ಹೆಚ್ಚಿಸಿ ಅಂತ ಆದೇಶ ಕೊಟ್ಟಿತು. ಸೊಲಾನೊದವರು ಮೇಲ್ಮನವಿ ಹೋದ್ರು. ಹೊಳೆಯ ಕಡೆಯವರಿಗೂ ಪೂರ್ತಿ ತೃಪ್ತಿ ಇರಲಿಲ್ಲ, ಯಾಕಂದ್ರೆ ವರ್ಷಕ್ಕೆ ಇಷ್ಟು ಹೆಚ್ಚು ಅಂದ ಮಾತ್ರಕ್ಕೆ ಸಾಲ್ಮನ್ ಬರಲ್ಲ. ಕೊನೆಗೆ ಇಬ್ಬರೂ ಮೇಜಿನ ಸುತ್ತ ಕೂತ್ರು. 2000ದ ಮೇ ತಿಂಗಳಲ್ಲಿ ಪ್ಯೂಟಾ ಕ್ರೀಕ್ ಅಕಾರ್ಡ್ ಅನ್ನೋ ಒಪ್ಪಂದಕ್ಕೆ ಸಹಿ ಬಿತ್ತು. ಹತ್ತು ವರ್ಷ ಹಿಡಿದ ಕೇಸು.

ಈಗ ಒಪ್ಪಂದದ ಒಳಗೆ ಹೋಗೋಣ. ನಮ್ಮ ಪ್ರಕಾರ ಓದೋಕೆ ಮಜಾ ಇರೋ ಭಾಗ ಇದೇ.

ಮೊದಲ ಬದಲಾವಣೆ ಅಳೆಯುವ ಜಾಗದ್ದು. ಅಣೆಕಟ್ಟಿನಲ್ಲಿ ಎಷ್ಟು ಬಿಟ್ಟಿರಿ ಅನ್ನೋದರ ಜತೆಗೆ, ಕೆಳಗೆ ಡೇವಿಸ್ ಹತ್ತಿರ ಐ-80 ಹೆದ್ದಾರಿಯ ಸೇತುವೆ ಅಡಿಯಲ್ಲಿ ಎಷ್ಟು ಹರೀತಿದೆ ಅನ್ನೋದನ್ನೂ ಅಳೀಬೇಕು. ಮಾಮೂಲಿ ವರ್ಷದಲ್ಲಿ ಅಲ್ಲಿ ಯಾವತ್ತೂ 5 ಕ್ಯೂಸೆಕ್‌ಗಿಂತ ಕಡಿಮೆ ಆಗೋ ಹಾಗಿಲ್ಲ. ಅಂದ್ರೆ ದಾರಿಯಲ್ಲಿ ನೆಲ ಎಷ್ಟು ಕುಡಿಯಿತು, ಪಂಪ್ ಎಷ್ಟು ಎಳೆಯಿತು ಅನ್ನೋ ತಲೆನೋವು ಈಗ ನೀರು ಬಿಡುವವರದ್ದು, ಮೀನಿನದ್ದಲ್ಲ. ಒಂದು ಗೇಜ್ ಸ್ಟೇಷನ್ ಜಾಗ ಬದಲಾಯಿಸಿದ್ರೆ ಜವಾಬ್ದಾರಿಯೇ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತೆ ಅನ್ನೋದನ್ನ ಯಾವ ಟೆಕ್ಸ್ಟ್‌ಬುಕ್ಕೂ ನಮಗೆ ಹೇಳಿರಲಿಲ್ಲ. ಇದಕ್ಕೆ ಅಂಟಿಕೊಂಡೇ, ದಡದ ಜಮೀನಿನವರು ಯಾವಾಗ ಎಷ್ಟು ಎತ್ತಬಹುದು, ಹಕ್ಕಿಲ್ಲದೆ ಎತ್ತುವವರನ್ನ ಏನು ಮಾಡಬೇಕು ಅನ್ನೋದನ್ನೂ ಒಪ್ಪಂದದಲ್ಲಿ ಸೇರಿಸಿದ್ರು. ಅದಿಲ್ಲದಿದ್ರೆ ಸೊಲಾನೊದವರು ಸಹಿ ಹಾಕ್ತಿರಲಿಲ್ಲ. ಮೇಲಿಂದ ಮೀನಿಗೆ ಅಂತ ಬಿಟ್ಟದ್ದನ್ನ ದಾರಿಯಲ್ಲಿ ಕದ್ದುಬಿಟ್ರೆ ಅವರೇ ಮತ್ತೆ ಬಿಡಬೇಕಲ್ಲ.

ಎರಡನೆಯದು ಕ್ಯಾಲೆಂಡರ್. ನೀರಿನ ಹರಿವನ್ನ ವರ್ಷಪೂರ್ತಿ ಒಂದೇ ಸಮ ಇಡೋದು ಮೀನಿಗೆ ಸರಿಹೋಗಲ್ಲ. ಅಲ್ಲಿನ ನಾಟಿ ಮೀನುಗಳು, ಸ್ಯಾಕ್ರಮೆಂಟೊ ಸಕ್ಕರ್, ಪೈಕ್‌ಮಿನ್ನೊ, ಟೂಲಿ ಪರ್ಚ್, ರೇನ್‌ಬೋ ಟ್ರೌಟ್ ಇತ್ಯಾದಿ, ಚಳಿಗಾಲದ ಮಳೆ ಮತ್ತು ವಸಂತದ ಪ್ರವಾಹಕ್ಕೆ ಹೊಂದಿಕೊಂಡವು. ಬೇರೆ ಕಡೆಯಿಂದ ತಂದು ಬಿಟ್ಟ ಲಾರ್ಜ್‌ಮೌತ್ ಬಾಸ್, ಗೆಂಡೆ ಜಾತಿಯ ಕಾರ್ಪ್ ಇವಕ್ಕೆ ಬೆಚ್ಚಗೆ ನಿಂತ ನೀರು ಸಾಕು. ಹೊಳೆ ಗುಂಡಿಗಳ ಸರಮಾಲೆ ಆದಷ್ಟೂ ಇವುಗಳದ್ದೇ ರಾಜ್ಯ. ಹರಿವು ಏರಿಳಿದು ಸರಿಯಾದ ಹೊತ್ತಿಗೆ ತಂಪಾಗಿ ರಭಸವಾಗಿ ಬಂದ್ರೆ ನಾಟಿಯವು ಗೆಲ್ಲುತ್ತವೆ.

ಹಾಗಾಗಿ ಒಪ್ಪಂದದಲ್ಲಿ ವಸಂತಕ್ಕೆ ಒಂದು ಸಣ್ಣ ಕೃತಕ ಪ್ರವಾಹ ಇದೆ. ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯೊಳಗೆ ಮೂರು ದಿನ: ಮೊದಲ ದಿನ 150 ಕ್ಯೂಸೆಕ್, ಎರಡನೇ ದಿನ 100, ಮೂರನೇ ದಿನ 80. ಆಮೇಲೆ 30 ದಿನ 50 ಕ್ಯೂಸೆಕ್. ಆಮೇಲೂ ಗೇಟನ್ನ ಪಟ್ ಅಂತ ಮುಚ್ಚೋ ಹಾಗಿಲ್ಲ, ನಿಧಾನಕ್ಕೆ ಇಳಿಸಬೇಕು. ದಿಢೀರ್ ಇಳಿಸಿದ್ರೆ ಅಂಚಿನಲ್ಲಿ ಇಟ್ಟ ಮೊಟ್ಟೆ ಒಣನೆಲದಲ್ಲಿ ಉಳಿದುಬಿಡುತ್ತೆ.

ಇನ್ನು ಚಿನೂಕ್ ಸಾಲ್ಮನ್. ಇದರ ಕಥೆ ಗೊತ್ತಲ್ಲ: ಹೊಳೆಯ ಜಲ್ಲಿಕಲ್ಲಿನ ನಡುವೆ ಹುಟ್ಟಿ, ಸಮುದ್ರಕ್ಕೆ ಹೋಗಿ, ಮೂರ್ನಾಲ್ಕು ವರ್ಷದಲ್ಲಿ ಬಲಿತು, ವಾಸನೆ ಹಿಡಿದು ಹುಟ್ಟಿದ ಹೊಳೆಗೇ ಬಂದು, ಮೊಟ್ಟೆ ಇಟ್ಟು ಸಾಯುತ್ತೆ. ಪೆಸಿಫಿಕ್ ಕಡಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ದಾಟಿ, ಡೆಲ್ಟಾದ ಕಾಲುವೆಗಳ ಗೋಜಲಲ್ಲಿ ಬರ್ತಿರೋ ಮೀನಿಗೆ "ಇಲ್ಲೊಂದು ಹೊಳೆ ಇದೆ, ಬಾ" ಅಂತ ಹೇಳೋರು ಯಾರು? ಪ್ಯೂಟಾದ ನೀರೇ ಬಾಯಿಯವರೆಗೆ ಹರಿದು ಕಾಲುವೆಗೆ ಬೆರೆತು ಹೇಳಬೇಕು. ಅದಕ್ಕಾಗಿ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದೊಳಗೆ ಐದು ದಿನ, ಹೊಳೆ ಸೇರುವ ಜಾಗದಲ್ಲಿ 50 ಕ್ಯೂಸೆಕ್ ಇರಬೇಕು ಅಂತ ಬರೆದಿದ್ದಾರೆ. ಅದೇ ಹೊತ್ತಿಗೆ ಇನ್ನೊಂದು ಕೆಲಸ ಆಗಬೇಕು. ಹೊಳೆ ಮುಗಿಯುವ ಹತ್ತಿರ ಹೊಲಗಳಿಗೆ ನೀರು ನಿಲ್ಲಿಸೋಕೆ ಹಲಗೆ ಜೋಡಿಸಿದ ಒಂದು ಚಿಕ್ಕ ಕಟ್ಟೆ ಇದೆ, ಲಾಸ್ ರಿಯೋಸ್ ಚೆಕ್ ಡ್ಯಾಮ್ ಅಂತ. ಆ ಹಲಗೆಗಳನ್ನ ತೆಗೆಯದಿದ್ರೆ ಮೇಲಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರೂ ಮೀನು ಒಳಗೆ ಬರಲ್ಲ. 304 ಅಡಿ ಕಾಂಕ್ರೀಟಿನ ಆರ್ಚು, ಲಕ್ಷಾಂತರ ಡಾಲರಿನ ಕೇಸು, ಎಲ್ಲ ಆದ ಮೇಲೆ ಕೊನೆಗೆ ಯಾರೋ ಬಂದು ಮರದ ಹಲಗೆ ಎತ್ತಬೇಕು!

ಈಗ ಆ ಲೆಕ್ಕ

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಹತ್ತಿರ ಹತ್ತಿರ 28 ಲೀಟರ್. ಒಂದು ದಿನಕ್ಕೆ 86,400 ಸೆಕೆಂಡ್. ಸಾಲ್ಮನ್ ಕರೆಯೋಕೆ ಬೇಕಾದದ್ದು: 50 × 5 × 86,400 = 2.16 ಕೋಟಿ ಘನ ಅಡಿ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. ಹಾಗಾಗಿ ಇದು 0.02 ಟಿಎಂಸಿ! ವಸಂತದ ಪ್ರವಾಹ: 150 + 100 + 80 + (50 × 30) = 1,830 ಕ್ಯೂಸೆಕ್-ದಿನ, ಅಂದ್ರೆ ಸುಮಾರು 0.16 ಟಿಎಂಸಿ. ಎರಡೂ ಸೇರಿ 0.18. ಜಲಾಶಯದಲ್ಲಿ ಹಿಡಿಯೋದು 70.

ಇದರಲ್ಲಿ ಒಂದಷ್ಟು ಬಿಟ್ಟುಹೋಗಿದೆ ಅನ್ನೋದು ನಿಜ. ವರ್ಷಪೂರ್ತಿ ಹರಿಯುವ ಮೂಲ ಹರಿವು ಬೇರೆ, ನೆಲಕ್ಕೆ ಇಂಗಿ ಹೋಗೋದು ಬೇರೆ. ಕೆಳಗೆ 50 ಬೇಕಾದ್ರೆ ಮೇಲೆ ಇನ್ನೂ ಜಾಸ್ತಿ ಬಿಡಬೇಕಾಗಬಹುದು, ಮಳೆ ಬಂದ್ರೆ ಉಪಹಳ್ಳಗಳೇ ಒಂದಿಷ್ಟು ಕೊಡಬಹುದು. ಜಲಾಶಯದ ಸಾಮರ್ಥ್ಯಕ್ಕೂ ಒಂದು ವರ್ಷದ ಬಳಕೆಗೂ ವ್ಯತ್ಯಾಸ ಇದೆ. ಅದನ್ನೆಲ್ಲ ಒಪ್ಪಿಕೊಂಡ್ರೂ, ಮೀನು ಹುಟ್ಟಬೇಕಾ ಬೇಡ್ವಾ ಅನ್ನೋದನ್ನ ನಿರ್ಧರಿಸುವ ಆ ಕೆಲವು ದಿನಗಳ ನೀರು ಜಲಾಶಯದ ನೂರರಲ್ಲಿ ಒಂದು ಪಾಲೂ ಅಲ್ಲ. ಜಗಳ ಶುರುವಾದಾಗ ಎಲ್ಲರೂ ಎಷ್ಟು ನೀರು ಅಂತ ಕೂಗಾಡ್ತಿದ್ರು. ಒಪ್ಪಂದ ಸಾಧ್ಯವಾದದ್ದು ಯಾವಾಗ ಅನ್ನೋ ಪ್ರಶ್ನೆ ಮೇಜಿಗೆ ಬಂದ ಮೇಲೆ. ಎಷ್ಟು ಅನ್ನೋದರಲ್ಲಿ ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಕಡಿಮೆ. ಯಾವಾಗ ಅನ್ನೋದರಲ್ಲಿ ಹಾಗಿರಬೇಕಿಲ್ಲ. ನವೆಂಬರ್, ಡಿಸೆಂಬರಲ್ಲಿ ಅಲ್ಲಿನ ಹೊಲಗಳಿಗೆ ನೀರಿನ ತುರ್ತೇ ಕಡಿಮೆ.

ಹಾಗಂತ ಮೀನಿನ ಕಡೆಯವರು ಎಲ್ಲ ಗೆದ್ದರು ಅಂತಲ್ಲ. ಏಪ್ರಿಲ್ 1ಕ್ಕೆ ಜಲಾಶಯದಲ್ಲಿ ಏಳೂವರೆ ಲಕ್ಷ ಎಕರೆ-ಅಡಿಗಿಂತ, ಅಂದ್ರೆ ಸುಮಾರು 33 ಟಿಎಂಸಿಗಿಂತ, ಕಡಿಮೆ ಇದ್ರೆ ಅದು ಬರದ ವರ್ಷ. ಆಗ ಮೀನಿನ ಪಾಲೂ ಕತ್ತರಿ. ಹೊಳೆ ಪೂರ್ತಿ ಸಾಯದ ಹಾಗೆ ನೋಡಿಕೊಳ್ತಾರೆ, ಅಷ್ಟೇ. ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಜಗಳ ಆಯ್ತು. ಬರದಲ್ಲೇ ತಾನೆ ಮೀನಿಗೆ ನೀರು ಹೆಚ್ಚು ಬೇಕಾಗೋದು, ಆವಾಗಲೇ ಕಡಿತ ಮಾಡಿದ್ರೆ ಏನು ಪ್ರಯೋಜನ ಅಂತ ಒಂದು ಕಡೆ. ಬರ ಬಂದಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಡದ ಒಪ್ಪಂದ ಮೊದಲ ಬರದಲ್ಲೇ ಮುರಿದುಬೀಳುತ್ತೆ ಅಂತ ಇನ್ನೊಂದು ಕಡೆ. ಕಾವೇರಿ ವಿಷಯದಲ್ಲಿ ಸಂಕಷ್ಟದ ವರ್ಷದ ಸೂತ್ರ ಅಂದಕೂಡಲೇ ನಮ್ಮಲ್ಲಿ ಏನಾಗುತ್ತೆ ಅಂತ ನೋಡಿದವರು ನಾವು. ಅದಕ್ಕೇ ಎರಡನೆಯವರ ಮಾತಿಗೇ ನಮ್ಮ ವೋಟು. ಸೊಲಾನೊದ ರೈತನಿಗೆ ಈ ಒಪ್ಪಂದ ಕೊಟ್ಟದ್ದೂ ಅದನ್ನೇ: ಅವನ ನೀರು ಕಡಿಮೆ ಆಯ್ತು, ಆದ್ರೆ ಯಾವಾಗ ಎಷ್ಟು ಕಡಿಮೆ ಆಗುತ್ತೆ ಅಂತ ಮೊದಲೇ ಗೊತ್ತಾಯ್ತು. ಪ್ರತಿ ಬರಕ್ಕೂ ಹೊಸ ಕೇಸು ಅನ್ನೋ ಭಯ ಹೋಯ್ತು.

ಒಪ್ಪಂದ ಒಬ್ಬ ವ್ಯಕ್ತಿಗೆ ಸಂಬಳವನ್ನೂ ಗೊತ್ತುಮಾಡಿತು. ಹುದ್ದೆಯ ಹೆಸರು ಸ್ಟ್ರೀಮ್‌ಕೀಪರ್, ಹೊಳೆ ಕಾಯುವವ ಅನ್ನೋಣ. ನಮ್ಮ ಕಡೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚೋಕೆ ನೀರಗಂಟಿ ಇರ್ತಿದ್ದನಲ್ಲ, ಕೆಲಸ ಸುಮಾರಾಗಿ ಅದೇ ಥರ. ದಡ ಸುತ್ತೋದು, ಜಮೀನಿನವರ ಹತ್ತಿರ ಮಾತಾಡೋದು, ಕಸ ತೆಗೆಸೋದು, ಕಳೆಗಿಡ ಕೀಳಿಸೋದು, ಗ್ರಾಂಟ್ ತರೋದು. ಕೋರ್ಟಿನಲ್ಲಿ ಎದುರಾಬದುರು ನಿಂತಿದ್ದ ಎರಡೂ ಕಡೆಯವರು ಇರುವ ಒಂದು ಸಮಿತಿಗೆ ಅವನು ವರದಿ ಕೊಡಬೇಕು.

ಮೀನು ಬಂತಾ?

ನಾಟಿ ಮೀನುಗಳ ವಿಷಯದಲ್ಲಿ ಉತ್ತರ ಸ್ಪಷ್ಟ. ಮಾಯ್ಲ್ ಮತ್ತು ಅವರ ಜತೆಗಾರರು 1990ರ ದಶಕದ ಆರಂಭದಿಂದ 2008ರವರೆಗೆ ಅದೇ ಜಾಗಗಳಲ್ಲಿ ವರ್ಷಾವರ್ಷ ಮೀನು ಎಣಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಮೊದಲು ಡೈವರ್ಷನ್ ಡ್ಯಾಮಿನ ಬುಡದ ಸ್ವಲ್ಪ ದೂರದಲ್ಲಿ ಮಾತ್ರ ಮೇಲುಗೈ ಇದ್ದ ನಾಟಿ ಜಾತಿಗಳು, ಹೊಸ ಹರಿವು ಬಂದ ಮೇಲೆ ಕೆಳಕ್ಕೆ 20 ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡಿದ್ದವು. ಹೊರಗಿನ ಮೀನನ್ನ ಯಾರೂ ಹಿಡಿದು ಸಾಯಿಸಲಿಲ್ಲ, ನಾಟಿ ಮೀನನ್ನ ಯಾರೂ ತಂದು ಬಿಡಲಿಲ್ಲ. ನೀರಿನ ವೇಳಾಪಟ್ಟಿ ಬದಲಾಯ್ತು, ಅಷ್ಟೇ.

ಸಾಲ್ಮನ್ ಕಥೆ ಅಷ್ಟು ಸಲೀಸಲ್ಲ. ಮೊದಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆರಳೆಣಿಕೆಯಷ್ಟೇ ಬಂದವು. 2014ರಿಂದ ನೂರಾರು ಬರೋಕೆ ಶುರುವಾಯ್ತು, ಕೆಲವು ವರ್ಷ ಸಾವಿರ ದಾಟಿದ ಅಂದಾಜೂ ಇದೆ. ಆದರೆ ಅವು ಯಾವ ಊರಿನವು? ಇದನ್ನ ಪತ್ತೆ ಮಾಡಿದ ರೀತಿ ಕೇಳಿ. ಮೀನಿನ ಕಿವಿಯೊಳಗೆ ಓಟೋಲಿತ್ ಅನ್ನೋ ಪುಟ್ಟ ಕಲ್ಲು ಇರುತ್ತೆ. ಮರದ ಉಂಗುರದ ಹಾಗೆ ಅದು ಪದರ ಪದರವಾಗಿ ಬೆಳೆಯುತ್ತೆ. ಪ್ರತಿ ಪದರದಲ್ಲೂ ಆಗ ಮೀನು ಇದ್ದ ನೀರಿನ ಸ್ಟ್ರಾನ್ಷಿಯಂ ಐಸೋಟೋಪುಗಳ ಅನುಪಾತ ದಾಖಲಾಗಿರುತ್ತೆ. ಬೇರೆ ಬೇರೆ ಹೊಳೆಯ ಬಂಡೆ ಬೇರೆ, ಹಾಗಾಗಿ ಅನುಪಾತವೂ ಬೇರೆ. ಸತ್ತ ಮೀನಿನ ಕಿವಿಕಲ್ಲು ಕೊಯ್ದು ನೋಡಿದ್ರೆ ಹುಟ್ಟೂರು ಗೊತ್ತಾಗುತ್ತೆ. ನೋಡಿದಾಗ ಹೆಚ್ಚಿನವು ಬೇರೆ ಕಡೆಯ ಮೀನುಮರಿ ಕೇಂದ್ರಗಳಲ್ಲಿ ಹುಟ್ಟಿ ದಾರಿ ತಪ್ಪಿ ಬಂದವು. ಆದ್ರೆ ಕೆಲವು, ಸ್ವಲ್ಪವೇ ಕೆಲವು, ಪ್ಯೂಟಾದಲ್ಲೇ ಹುಟ್ಟಿ, ಕಡಲಿಗೆ ಹೋಗಿ, ಪ್ಯೂಟಾಕ್ಕೇ ವಾಪಸ್ ಬಂದವು. ಆ ಅಧ್ಯಯನ ಪ್ರಕಟವಾದದ್ದು 2024ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದು ಅಷ್ಟೊತ್ತಿಗೆ 24 ವರ್ಷ ಆಗಿತ್ತು.

ಮಧ್ಯೆ ಒಂದು ದೊಡ್ಡ ಪೆಟ್ಟೂ ಬಿತ್ತು. 2021ರ ಅಕ್ಟೋಬರಿನಲ್ಲಿ ಅಕಾಲದಲ್ಲಿ ಭಾರಿ ಮಳೆ ಬಂದು, ಕೊಳೆತ ಎಲೆ ಕಸವೆಲ್ಲ ಹೊಳೆಗೆ ಕೊಚ್ಚಿಕೊಂಡು ಬಂತು. ನೀರಿನಲ್ಲಿ ಆಮ್ಲಜನಕ ಕುಸಿದು, ಆ ವರ್ಷ ಬಂದ ಸಾಲ್ಮನ್‌ಗಳಲ್ಲಿ ಬಹುಪಾಲು ಮೊಟ್ಟೆ ಇಡೋ ಮೊದಲೇ ಸತ್ತವು. ಒಪ್ಪಂದದಲ್ಲಿ ಕ್ಯೂಸೆಕ್ ಬರೆದಿತ್ತು, ಆದ್ರೆ ಮಳೆ ಒಪ್ಪಂದ ಓದಿರಲಿಲ್ಲ.

ಇನ್ನೊಂದು ವಿಷಯ ಹೇಳದಿದ್ರೆ ಸಿವಿಲ್‌ನವರಿಗೆ ಸಮಾಧಾನ ಇಲ್ಲ. ನೀರು ಬಿಟ್ಟ ಮಾತ್ರಕ್ಕೆ ಹೊಳೆ ಆಗಲ್ಲ. ಅಣೆಕಟ್ಟು ನೀರಿನ ಜತೆ ಜಲ್ಲಿಕಲ್ಲನ್ನೂ ತಡೆಯುತ್ತೆ, ಕೆಳಗಿದ್ದ ಜಲ್ಲಿಯನ್ನ ಹಿಂದೆ ಗಣಿ ಮಾಡಿ ಸಾಗಿಸಿದ್ರು, ಉಳಿದದ್ದು ಹೂಳಿನಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಸಾಲ್ಮನ್ ಬಾಲದಿಂದ ಗುಂಡಿ ತೋಡಿ ಮೊಟ್ಟೆ ಇಡಬೇಕು, ತೋಡೋಕೇ ಆಗದಿದ್ರೆ? ಅದಕ್ಕೆ ಮೀನು ಬರುವ ಮೊದಲು ಯಂತ್ರ ಇಳಿಸಿ, ಹೊಲ ಉತ್ತ ಹಾಗೆ ಹೊಳೆಯ ತಳವನ್ನ ಸಡಿಲ ಮಾಡ್ತಾರೆ. ವಿಂಟರ್ಸ್ ಊರಿನ ಹತ್ತಿರ ಇದಕ್ಕಿಂತ ವಿಚಿತ್ರ ಕೆಲಸ ಮಾಡಿದ್ರು: ಹೊಳೆಯನ್ನ ಕಿರಿದು ಮಾಡಿದ್ರು! ಹಿಂದೆ ಅಗೆದು ಅಗಲ ಮಾಡಿದ್ದ ಪಾತ್ರದಲ್ಲಿ ಈಗಿನ ಸಣ್ಣ ಹರಿವು ನಿಂತ ಕೆರೆಯ ಹಾಗೆ ಆಗಿತ್ತು. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸಿನ ಮೊದಲ ಸೂತ್ರ ನೆನಪಿಸಿಕೊಳ್ಳಿ. ಹರಿವು ಅಷ್ಟೇ ಇರುವಾಗ ಅಡ್ಡಕೊಯ್ತದ ವಿಸ್ತೀರ್ಣ ಕಡಿಮೆ ಮಾಡಿದ್ರೆ ವೇಗ ಹೆಚ್ಚುತ್ತೆ. ನೀರು ಬಿಸಿಲಿಗೆ ಕಾಯೋದೂ ಕಡಿಮೆ. ಒಂದು ಹನಿ ಹೆಚ್ಚು ಕೇಳದೆ ತಂಪಾಗಿ ಓಡುವ ಹೊಳೆ ಸಿಕ್ಕಿತು.

ಸಣ್ಣ ಹೊಳೆ, ಹಾಗಾಗಿ ಆಯ್ತು ಅಂತ ನೀವು ಅನ್ನಬಹುದು. ಅದು ಸ್ವಲ್ಪ ನಿಜ. ಅದೇ ರಾಜ್ಯದ ಸ್ಯಾನ್ ವಾಕೀನ್ ನದಿಯಲ್ಲಿ, 1942ರ ಫ್ರೈಂಟ್ ಅಣೆಕಟ್ಟಿನ ಕೆಳಗೆ ಸುಮಾರು 60 ಮೈಲಿ ನದಿ ದಶಕಗಟ್ಟಲೆ ಒಣಗಿಯೇ ಇತ್ತು. ಅದೇ 5937ನೇ ಸೆಕ್ಷನ್ ಹಿಡಿದು 1988ರಲ್ಲಿ ಕೇಸು ಹಾಕಿದ್ರೆ ರಾಜಿ ಆದದ್ದು 2006ರಲ್ಲಿ. ಪಾಲುದಾರರು ಹೆಚ್ಚಿದಷ್ಟೂ ವರ್ಷ ಹೆಚ್ಚುತ್ತೆ.

ನಮ್ಮಲ್ಲಿ ಏನಿದೆ ಅಂತ ನೋಡಿದ್ರೆ, ಗಂಗಾ ನದಿಯ ಮೇಲ್ಭಾಗಕ್ಕೆ 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಹರಿವನ್ನ ಗೊತ್ತುಮಾಡಿತು: ಒಳಹರಿವಿನ ಶೇಕಡಾ 20, 25, 30 ಹೀಗೆ ಋತುವಿನ ಪ್ರಕಾರ. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನಲ್ಲಿ 740 ಟಿಎಂಸಿಯಲ್ಲಿ 10 ಟಿಎಂಸಿ ಪರಿಸರಕ್ಕೆ ಅಂತ ಎತ್ತಿಟ್ಟಿದ್ದಾರೆ. ಕರ್ನಾಟಕಕ್ಕೆ ಎಷ್ಟು, ತಮಿಳುನಾಡಿಗೆ ಎಷ್ಟು ಅಂತ ನಮ್ಮೆಲ್ಲರಿಗೂ ಬಾಯಿಪಾಠ. ಈ 10ರ ಬಗ್ಗೆ ಕ್ಲಾಸಿನಲ್ಲಿ ಕೇಳಿದ್ರೆ ಒಬ್ಬರಿಗೂ ಗೊತ್ತಿರಲಿಲ್ಲ. ಪ್ಯೂಟಾದ ಲೆಕ್ಕದಲ್ಲಿ ನೋಡಿದ್ರೆ 10 ಟಿಎಂಸಿ ಸಣ್ಣ ಮೊತ್ತ ಏನಲ್ಲ. ಆದರೆ ಅದು ತಿಂಗಳ ಲೆಕ್ಕದ ಒಂದು ಅಂಕಿ. ಯಾವ ಮೀನಿಗೆ, ಯಾವ ವಾರ, ಎಷ್ಟು ನಿಧಾನಕ್ಕೆ ಏರಿಸಿ ಇಳಿಸಬೇಕು ಅನ್ನೋ ಮಟ್ಟಕ್ಕೆ ಇಳಿದ ಲೆಕ್ಕ ಅಲ್ಲ. ಕಾವೇರಿಯಲ್ಲೇ ಇರುವ, ಬೇರೆಲ್ಲೂ ಇಲ್ಲದ ಒಂದು ಮಹಶೀರ್ ಇದೆ. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ದೈತ್ಯ ಮೀನು. 2018ರಲ್ಲಿ ಅದನ್ನ ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದ್ದಾರೆ. ಮಹಶೀರ್‌ಗಳು ಮುಂಗಾರಿನ ಹೊಸ ನೀರು ಬಂದಾಗ ಮೇಲಕ್ಕೆ ಈಜಿ ಮೊಟ್ಟೆ ಇಡುವ ಜಾತಿ.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರುವ ಜೂನಿಯರ್‌ಗಳು ಇದ್ರೆ ಇಲ್ಲೊಂದು ಇದೆ. ಜಲಾಶಯಗಳ ದಿನದಿನದ ಒಳಹರಿವು ಹೊರಹರಿವು ಪೇಪರಿನಲ್ಲೇ ಬರುತ್ತೆ. ಒಂದು ಮುಂಗಾರಿನ ನಾಲ್ಕು ತಿಂಗಳ ಅಂಕಿ ತಗೊಂಡು ಎಕ್ಸೆಲ್‌ನಲ್ಲಿ ಎರಡೂ ಗೆರೆ ಎಳೆದು ನೋಡಿ. ಮೇಲಿನಿಂದ ಬಂದ ನೀರಿನ ಗೆರೆ ಹೇಗೆ ಏರಿಳಿಯುತ್ತೆ, ಕೆಳಗೆ ಬಿಟ್ಟದ್ದು ಹೇಗೆ ಏರಿಳಿಯುತ್ತೆ, ಎಲ್ಲಿ ಮೆಟ್ಟಿಲ ಹಾಗೆ ಒಂದೇ ದಿನದಲ್ಲಿ ಕುಸಿಯುತ್ತೆ ಅಂತ ಗುರುತು ಮಾಡಿ. ನಾವು ನಾಲ್ಕು ಜನ ಜುಲೈ ತಿಂಗಳದ್ದನ್ನ ಶುರು ಮಾಡಿದ್ದೀವಿ, ಸೇರೋರು ಕನ್ನಡ ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ.